ಕೆಂಪು ಗುರುತಿನ ಪ್ರೋಟೀನು

ವಿಜಯಪುರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ಇದ್ದದ್ದು ಒಂದೇ. ಅವತ್ತು ಅದರ ಕಂಪ್ರೆಸರ್ ಸುಟ್ಟುಹೋಯಿತು. ಒಳಗೆ ಸಂಘಮಿತ್ರಕ್ಕನ ಟ್ಯೂಬು ಇತ್ತು, ಕಿರುಬೆರಳಿನಷ್ಟು. ಅದರ ತಳದಲ್ಲಿ ಒಂದೇ ಒಂದು ಹನಿ ರ್‍ಯಾಬ್-ಸೆವೆನ್.

ಅದು ಮನುಷ್ಯರ ಪ್ರೋಟೀನು, ಆದರೆ ಯಾವ ಮನುಷ್ಯನ ಮೈಯಿಂದಲೂ ತೆಗೆದದ್ದಲ್ಲ. ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬೆಳೆಸಿ, ಸೋಸಿ, ಕೆಂಪಗೆ ಹೊಳೆಯುವ ಬಣ್ಣ ಅಂಟಿಸಿ, ಅಕ್ಕ ತಾನೇ ತಯಾರಿಸಿದ್ದಳು. ನಮ್ಮ ಒಂದೊಂದು ಜೀವಕೋಶದಲ್ಲೂ ಸರಕು ತುಂಬಿದ ಪುಟ್ಟ ಚೀಲಗಳು ಓಡಾಡುತ್ತಿರುತ್ತವೆ. ರ್‍ಯಾಬ್-ಸೆವೆನ್ ಬಂದು ಕೂತ ಚೀಲ ಸೀದಾ ಹಳೆಯ ಸರಕು ಅರಗಿಸುವ ಜಾಗಕ್ಕೆ ಹೋಗುತ್ತದೆ. ಎಂಥ ಅದ್ಭುತ! ಅದನ್ನು ಕಣ್ಣಾರೆ ನೋಡುವುದೇ ಅಕ್ಕನ ಪ್ರಯೋಗ. ಹನಿ ಕರಗಿ ಕೆಟ್ಟರೆ ಅವಳ ಪಿಎಚ್.ಡಿ. ಮತ್ತೆ ಮೊದಲಿನಿಂದ.

ನಾನಾಗಿದ್ದರೆ ಕೂತು ಅಳುತ್ತಿದ್ದೆ. ಅಕ್ಕ ಬಕೆಟ್ಟು ಹುಡುಕಿದಳು.

"ದಾನೇಶ್ವರಿ, ಐಸ್ ತಾ, ಉಪ್ಪ ತಾ. ಕುಲ್ಫಿ ಗಟ್ಟಿ ಆಗ್ತೈತಲ್ಲ, ಅಷ್ಟರ ತಣ್ಣಗ ಒಯ್ಯೂಣು."

"ಎಲ್ಲಿಗಿ ಅಕ್ಕಾ?"

"ನಮ್ಮ ಇಟ್ಟಂಗಿಹಾಳದ ಮನಿಗೆ ಆಕಳಿಗಿ ಗಬ್ಬದ ಸೂಜಿ ಮಾಡಾಕ ಭೀಮಾಶಂಕರಣ್ಣ ಬರ್ತಾನಲ್ಲ, ಅವನ ಜಾರ್ ನೋಡಿಲ್ಲೇನು? ಮುಚ್ಚಳ ತಗದ ಕೂಡಲೆ ಬಿಳಿ ಹೊಗಿ ಬರ್ತೈತಿ. ಒಳಗ ಇರೋದು ಲಿಕ್ವಿಡ್ ನೈಟ್ರೋಜನ್. ನಮ್ಮ ಫ್ರೀಜರ್‌ಕಿಂತ ತಣ್ಣಗ!"

ಫೋನು ಹಚ್ಚಿದರೆ ಭೀಮಾಶಂಕರಣ್ಣ ಕಳ್ಳಕವಟಗಿಯಲ್ಲಿದ್ದ. ಟ್ಯೂಬಿಟ್ಟ ಬಕೆಟ್ಟು ತಬ್ಬಿಕೊಂಡು ಅಕ್ಕನ ಸ್ಕೂಟಿಯ ಹಿಂದೆ ಕೂತೆ; ಅಥಣಿ ರಸ್ತೆ ಹಿಡಿದು, ತಿಕೋಟಾ ದಾಟಿ ಹೋದೆವು. ಉಪ್ಪುನೀರು ತುಳುಕಿ ನನ್ನ ಚೂಡಿದಾರವೆಲ್ಲ ಒದ್ದೆ.

ಕಳ್ಳಕವಟಗಿಯಲ್ಲಿ ಅವನು ಸೂಜಿ ಮಾಡಲು ಬಂದಿದ್ದ ಸಿದ್ದರಾಯಜ್ಜನ ಅಂಗಳದಲ್ಲಿ ಎಮ್ಮೆ ಬೆದೆಗೆ ಬಂದು ಒದರುತ್ತಿತ್ತು. ಅಜ್ಜ ಹಗ್ಗ ಹಿಡಿದಿದ್ದ. ಅವನ ಹೆಂಡತಿ ಮಲಕವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಇದರಾಗ ಮುರ್ರಾ ತಳಿ ಕೋಣದ ಬೀಜ ಐತಿ ತಂಗಿ," ಎಂದ ಭೀಮಾಶಂಕರಣ್ಣ, ಜಾರಿನ ಮೇಲೆ ಕೈಯಿಟ್ಟು. "ನೀ ಏನ ಇಡಾಕಿ?"

"ಮನುಷ್ಯಾರ ಪ್ರೋಟೀನ್ ಅಣ್ಣಾ."

ಅಕ್ಕ ಅಲ್ಲಿ ತಪ್ಪಿದಳು. ಮಲಕವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಏನಂದಿ? ಮನಷ್ಯಾರದ? ನಮ್ಮ ಎಮ್ಮಿ ಸೂಜಿ ಇರೋ ಡಬ್ಬ್ಯಾಗ? ನಾಳೆ ಕರ ಹುಟ್ಟಿ ನನಗ ಆಯೀ ಅಂತ ಕರದ್ರ?"

"ಕರೀಲಿ ಬಿಡ ಬೇ," ಸಿದ್ದರಾಯಜ್ಜ ನಕ್ಕ. "ನಮ್ಮ ಸೊಸಿ ಅಂತೂ ಹಂಗ ಕರಿಯಂಗಿಲ್ಲ."

"ನೀ ಸುಮ್ಮ ಹಗ್ಗ ಹಿಡಿ!"

ಭೀಮಾಶಂಕರಣ್ಣ ತಲೆ ಅಲ್ಲಾಡಿಸಿದ. "ಆಯಿ ಒಲ್ಲೆ ಅಂದ್ರ ನಾ ಇಡಾಂಗಿಲ್ಲ ತಂಗಿ. ಸುದ್ದಿ ಹಬ್ಬಿದ್ರ ನನಗ ಯಾರೂ ಕರಿಯಂಗಿಲ್ಲ."

ಬಕೆಟ್ಟಿನಲ್ಲಿ ಐಸು ಕರಗುತ್ತಿತ್ತು. ನಾನು ಅದನ್ನು ನೆರಳಿಗೆ ಸರಿಸಿದೆ. ಅಕ್ಕ ಮಲಕವ್ವನ ಎದುರು ಕುಕ್ಕರಗಾಲಿನಲ್ಲಿ ಕೂತು, ಮೂಲೆಯಲ್ಲಿದ್ದ ಕುರಿಗಳ ಕಡೆ ಕೈ ಮಾಡಿದಳು.

"ಕುರಿ ಬೆನ್ನಿಗಿ ಕೆಂಪ ಯಾಕ ಹಚ್ಚೀರಿ ಆಯಿ?"

"ಗುರುತ ಬ್ಯಾಡೇನು? ಬಬಲೇಶ್ವರ ಕಡಿಂದ ಯಲ್ಲಾಲಿಂಗನ ಕುರಿ ಬರ್ತಾವು, ಅವಕ್ಕ ನೀಲಿ. ಕೂಡಿ ಮೇದ್ರೂ ಸಂಜಿಕ ನಮ್ಮವು ನಮ್ಮ ಮುಳ್ಳಬೇಲಿ ದಡ್ಡಿಗಿ, ಅವನವು ಅವನ ದಡ್ಡಿಗಿ."

"ನನ್ನ ಟ್ಯೂಬಿನ್ಯಾಗ ಇರೋದೂ ಅಂಥಾ ಗುರ್ತನ ಆಯಿ. ನಮ್ಮ ಮೈಯಾಗ ಕಣ್ಣಿಗಿ ಕಾಣಲಾರದಂಥಾ ಚೀಲ ತಿರಗಾಡ್ತಾವು. ಈ ಗುರ್ತ ಹತ್ತಿದ್ದು ತನ್ನ ದಡ್ಡಿ ಸೇರ್ತೈತಿ. ಇದನ್ನ ಯಾರ ಮೈಯಾಂದೂ ತಗದಿಲ್ಲರಿ. ಮಸರಿನ್ಯಾಗ ಇರ್ತಾವಲ್ಲ, ಅಂಥಾ ಸಣ್ಣ ಜೀವದ ಕಡಿಂದ ಮಾಡಿಸೇನಿ."

"ಗುರುತ ಕೆಟ್ಟರ?"

"ಕೆಲವರಿಗಿ ಹುಟ್ಟಿದಾಗಿಂದ ಕೆಟ್ಟಿರತೈತಿ. ನರ ಸೋತು ಕಾಲ ಜೋಮ ಹಿಡದಂಗ ಆಗ್ತಾವು. ಯಾಕ ಅಂತ ತಿಳೀಬೇಕಂದ್ರ ಇದು ಉಳೀಬೇಕ್ರಿ."

ಮಲಕವ್ವ ಬಕೆಟ್ಟಿನೊಳಗೆ ಇಣುಕಿದಳು, ಎಮ್ಮೆಯ ಕಡೆ ನೋಡಿದಳು.

"ಮದಲ ನನ್ನ ಎಮ್ಮಿದು ಆಗ್ಲಿ. ಅದರ ಬೀಜ ಹೊರಗ ಬಂದ ಮ್ಯಾಲ ನಿನ್ನ ಗುರ್ತ ಒಳಗ ಹೋಗ್ಲಿ."

ಅಷ್ಟು ಹೊತ್ತು ಕಾಯಬೇಕಲ್ಲ! ಎಮ್ಮೆ ಒಂದು ಕಡೆ ನಿಲ್ಲಲೊಲ್ಲದು. ಬಕೆಟ್ಟಿನಲ್ಲಿ ನೀರೇ ಹೆಚ್ಚಾಯಿತು. ಆಗ ಮಲಕವ್ವ ಒಳಗೆ ಹೋಗಿ, ಪಕ್ಕದ ಅಂಗಡಿಯಿಂದ ತಂದಿಟ್ಟಿದ್ದ ಐಸಿನ ಗಡ್ಡೆಯನ್ನೂ ದನಕ್ಕೆ ಇಡುವ ಹರಳುಪ್ಪನ್ನೂ ತಂದು ಬಕೆಟ್ಟಿಗೆ ಸುರಿದಳು.

"ಶರಬತ್ತಿಗಿ ತಂದಿದ್ದೆ. ಕುಡದ್ರ ಇನ್ನೊಂದಿನ ಕುಡದೇವು."

ಎಮ್ಮೆಯ ಕೆಲಸ ಮುಗಿಯಿತು. ಟ್ಯೂಬು ಇನ್ನೂ ಕಲ್ಲಿನಂತಿತ್ತು. ಭೀಮಾಶಂಕರಣ್ಣ ಅದನ್ನು ದಾರಕ್ಕೆ ಕಟ್ಟಿದ. "ಮುಳುಗಿಸಬ್ಯಾಡ ಅಣ್ಣಾ, ಒಡಿತೈತಿ. ಹೊಗಿಯೊಳಗ ತೂಗಬಿಡು," ಎಂದಳು ಅಕ್ಕ. ಬಿಳಿ ಹೊಗೆಯೊಳಗೆ ಅದು ಇಳಿದದ್ದನ್ನು ನೋಡಿ ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ.

ಫ್ರೀಜರ್ ರಿಪೇರಿಯಾದ ಮೇಲೆ ಟ್ಯೂಬು ವಾಪಸು ತಂದು, ಆ ಹನಿಯನ್ನು ಜೀವಂತ ಕೋಶಗಳೊಳಗೆ ಸೇರಿಸಿ ಅಕ್ಕ ಪ್ರಯೋಗ ಮಾಡಿದಳು. ಕತ್ತಲೆ ಮಾಡಿದ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮಾನಿಟರಿನ ಮೇಲೆ ಕೆಂಪು ಚುಕ್ಕೆಗಳು ಮೂಡಿದಾಗ ಅಕ್ಕ ಮೊದಲು ಮಾಡಿದ್ದೇ ಸಿದ್ದರಾಯಜ್ಜನ ಮೊಬೈಲಿಗೆ ವಿಡಿಯೋ ಕಾಲ್. ನಾನು ಫೋನನ್ನು ಮಾನಿಟರಿಗೆ ಹಿಡಿದೆ.

"ಇವೇನ ಬೇ, ನಮ್ಮ ಗುರ್ತ?" ಮಲಕವ್ವ ಕೇಳಿದಳು.

"ಹೌದ್ರಿ ಆಯಿ. ಆ ನಡಬರಕ ಇರೋದ ದಡ್ಡಿ."

ಚುಕ್ಕೆಗಳು ತೆವಳಿ, ನಿಂತು, ಮತ್ತೆ ತೆವಳಿ ನಡುವಿಗೆ ಸೇರುತ್ತಿದ್ದವು. ಅಕ್ಕನ ಕೆನ್ನೆ ಒದ್ದೆಯಾಗಿತ್ತು.

"ಮೂಲ್ಯಾಗ ಒಂದ ಉಳದೈತಿ."

"ಅದೂ ಹೊಂಟೈತ್ರಿ. ನೋಡ್ಕೋತ ಇರ್ರಿ."

ಫೋನಿನಾಚೆ ಎಮ್ಮೆ ಮೇವು ಜಗಿಯುವ ಸದ್ದು.

"ಹಾಂ," ಎಂದಳು ಮಲಕವ್ವ ಕೊನೆಗೆ. "ಸೇರಿತು."