ಕೆರೆಯ ದಡದಲ್ಲಿ ಬರಿಗಾಲು

ಮಧ್ಯಾಹ್ನ ಮೂರು ಗಂಟೆಗೆ ಸ್ಟುಡಿಯೋದ ಮುದುಕ ಪರದೆಯ ಹಗ್ಗ ಬಿಚ್ಚಿದ. ಮೊದಲು ಬೂದು ಆಕಾಶ ಇಳಿಯಿತು, ಆಮೇಲೆ ಬೆಟ್ಟದ ಸಾಲು, ಕೊನೆಗೆ ಕೆರೆ. ಕೆರೆಯ ನೀರು ಗೋಡೆಗೇ ನಿಲ್ಲದೆ ನೆಲದ ಮೇಲೂ ಹರಡಿಕೊಂಡು ಬಂದು, ಅಮ್ಮನ ಜೊತೆ ಪರದೆ ನೋಡಲು ಬಂದಿದ್ದ ಮಗಳ ಕಾಲಿನ ಹತ್ತಿರ ನಿಂತಿತು.

ಹಿಂದೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಕಳಿಸಿದ್ದರು. ಸಂಜೆಯವರೆಗೆ ಅವಳಿಗೆ ಎಲ್ಲವೂ ಮಂಜು ಮಂಜು. ಅಲ್ಲಿಯ ನರ್ಸಿಗೆ, ನನ್ನ ಮಗಳೂ ಡಾಕ್ಟರೇ, ಆದರೆ ಪರದೆಗಳಿಗೆ, ಎಂದು ಹೇಳಿ ನಗಿಸಿ ಬಂದಿದ್ದಳು. ಒಬ್ಬಳನ್ನೇ ಮನೆಗೆ ಕಳಿಸುವಂತಿರಲಿಲ್ಲ. ಆದರೂ ಇಲ್ಲಿಗೆ ಕರೆತರಬಾರದಿತ್ತು ಎಂದು ಮಗಳಿಗೆ ಈಗ ಅನ್ನಿಸಿತು.

ಹಳೆಯ ಸ್ಟುಡಿಯೋಗಳ ಬಣ್ಣದ ಪರದೆಗಳ ಬಗ್ಗೆ ಅವಳ ಪಿಎಚ್‌ಡಿ. ಇದು ಕೊನೆಯ ವರ್ಷ. ಮೂರನೇ ಅಧ್ಯಾಯ ನಿಂತಿದ್ದದ್ದು ಜನರ ಕಾಲುಗಳ ಮೇಲೆ. ಪರದೆಯ ಅಂಚು ನೆಲಕ್ಕೆ ಹಾಸಿರುತ್ತಿದ್ದರಿಂದ, ಅದು ಮಾಸದಿರಲೆಂದು ಚಪ್ಪಲಿ ಬಿಡಿಸುತ್ತಿದ್ದರು. ಫೋಟೋದಲ್ಲಿ ಜನ ಬರಿಗಾಲಲ್ಲಿದ್ದರೆ ಹಿಂದಿನ ಬೆಟ್ಟ, ನೀರು ಬಟ್ಟೆಯವು ಎಂಬುದು ಅವಳ ವಾದ. ಈ ಪರದೆಯೇನೋ ಉಳಿದಿತ್ತು. ಅದರ ಮುಂದೆ ತೆಗೆದ ಫೋಟೋಗಳ ನೆಗೆಟಿವ್‌ಗಳೆಲ್ಲ ತೇವ ಹಿಡಿದು ಹಾಳಾಗಿದ್ದವು. ಒಂದಾದರೂ ಫೋಟೋ ತನ್ನಿ, ಇಲ್ಲದಿದ್ದರೆ ಇದು ಬರೀ ಕೇಳಿದ ಮಾತಾಗುತ್ತದೆ ಎಂದು ಗೈಡ್ ಮೇಡಂ ಹೇಳಿದ್ದರು.

ಒಂದು ಫೋಟೋ ಅವಳ ಮನೆಯ ಗೋಡೆಯ ಮೇಲೇ ಇತ್ತು. ಕೆರೆಯ ದಡದಲ್ಲಿ ಅಪ್ಪ, ಅಮ್ಮ, ಹಿಂದೆ ಇದೇ ಬೆಟ್ಟದ ಸಾಲು. ಅಪ್ಪ ಬಸ್ ಕಂಡಕ್ಟರ್; ದಿನವೂ ಊರೂರು ತಿರುಗಿದವನು ಹೆಂಡತಿಯನ್ನು ಕರೆದುಕೊಂಡು ಹೋದದ್ದು ಆ ಕೆರೆಗೆ ಮಾತ್ರ. ಗಾಳಿಗೆ ಕೂದಲು ನಿಲ್ಲುತ್ತಿರಲಿಲ್ಲ, ನೀರಿಗಿಳಿಯಲೆಂದು ಚಪ್ಪಲಿ ಬಿಟ್ಟಿದ್ದೆವು ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಇನ್ನಷ್ಟು ಹೇಳುತ್ತಿದ್ದಳು. ಊರೂರು ತಿರುಗಿ ಅಪರಿಚಿತರ ಕಾಲುಗಳನ್ನು ನೋಡಿದ ಮಗಳು ಮನೆಯ ಫೋಟೋದ ಕಾಲುಗಳನ್ನು ಸರಿಯಾಗಿ ನೋಡಿದ್ದು ಕಳೆದ ವಾರ. ಅಂದಿನಿಂದ ಅದು ಅವಳ ಬ್ಯಾಗಿನಲ್ಲಿತ್ತು.

ಮುದುಕ ದೀಪ ಹಾಕಿದ. ನೀರು ಮಿನುಗಿತು.

ಅಮ್ಮ ಎದ್ದು, ಗಾಳಿಯಲ್ಲಿ ಕೈಯಾಡಿಸುತ್ತ ಬಂದಳು. ನೀರು ಶುರುವಾಗುವಲ್ಲಿ ನಿಂತಳು. ಯಾರೂ ಹೇಳದೆ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದಳು.

"ನೀನೂ ಬಿಡು ಪುಟ್ಟಿ. ಮಾಸಿದ್ರೆ ಬೈತಾರೆ. ನಿಮ್ಮಪ್ಪಂಗೆ ಅವತ್ತು ಸರಿಯಾಗಿ ಬೈದಿದ್ರು."

ಮಗಳು ಅಮ್ಮನ ಕಡೆ ತಿರುಗಿದಳು.

"ಮತ್ತೆ ಗಾಳಿ?"

"ಜೋರಾಗೇ ಇತ್ತು ಕಣೇ."

ಮೂಲೆಯಲ್ಲಿ ಒಂದು ಟೇಬಲ್ ಫ್ಯಾನು ಧೂಳು ಹಿಡಿದು ಕೂತಿತ್ತು. ಮಗಳು ಅದನ್ನು ನೋಡಿದಳು. ಚಪ್ಪಲಿ ಬಿಟ್ಟು ಅಮ್ಮನ ಪಕ್ಕ ಬಂದು ನಿಂತಳು. ಬಟ್ಟೆ ತಣ್ಣಗಿತ್ತು.

"ಗೋಡೆ ಖಾಲಿಯಾಗಿದ್ದು ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಅಂದಳು ಅಮ್ಮ. "ಅದನ್ನ ನಿನ್ನ ಪುಸ್ತಕಕ್ಕೆ ಹಾಕ್ಬೇಡ. ಅದ್ರಲ್ಲಿ ನಾವು ಕೆರೆಗೆ ಹೋಗಿದೀವಿ. ಬೇಕಿದ್ರೆ ಇವತ್ತೊಂದು ತೆಗೆಸ್ಕೊಳ್ಳೋಣ."

ಮುದುಕ ಕ್ಯಾಮೆರಾದ ಹಿಂದೆ ಹೋದ. ಹೋಗುವ ದಾರಿಯಲ್ಲಿ ಫ್ಯಾನಿನ ಗುಂಡಿ ಒತ್ತಿದ.

ಹೊಸ ಫೋಟೋವನ್ನು ಗೈಡ್ ಮೇಡಂ ಪುರಾವೆ ಎಂದು ಒಪ್ಪಲಿಲ್ಲ. ಆ ಪರದೆಯ ಮಾತು ಮೂರನೇ ಅಧ್ಯಾಯದಲ್ಲಿ ಒಂದು ಅಡಿಟಿಪ್ಪಣಿಯಾಗಿ ಉಳಿಯಿತು. ಹಳೆಯದನ್ನು ಮಗಳು ಅದೇ ಮೊಳೆಗೆ ನೇತುಹಾಕಿದಳು. ಅದರ ಪಕ್ಕ ಇನ್ನೊಂದು ಮೊಳೆ ಹೊಡೆದಳು.