ಭಾವ ಆರಿಸಿದ ಮೆಮೊರಿ

ಅವಳ ಅಕ್ಕನ ಗಂಡನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಇದ್ದರೂ ಅದು ಅವನಿಗೆ ಗೊತ್ತಿರಲಿಲ್ಲ. ವಿಮಾ ಕಚೇರಿಯಲ್ಲಿ ಮೇಲ್ವಿಚಾರಕನಾಗಿದ್ದ ಅವನು ಹಿಂದೊಮ್ಮೆ ಯಾರದೋ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆದು ತೆಗೆದಿದ್ದ. ಅಂದಿನಿಂದ ಇಡೀ ಬಂಧುಬಳಗಕ್ಕೆ ಕಂಪ್ಯೂಟರ್ ಪಂಡಿತನಾದ. ಅವಳು ಅವನನ್ನು ಮಾತಿನಲ್ಲಿ ‘ನೀವು’ ಎನ್ನುತ್ತಿದ್ದಳು, ಮನಸ್ಸಿನಲ್ಲಿ ‘ಅವನು’. ಅವನೋ, ಅವಳ ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೂ ‘ಪುಟ್ಟಿ’ ಎಂದೇ ಕರೆಯುತ್ತಿದ್ದ.

ಪುಟ್ಟಿಯ ಕಸುಬು, ಇನ್ನೂ ಕಟ್ಟಿರದ ಕಟ್ಟಡದೊಳಗೆ ನಡೆದಾಡಿ ಬಂದಂತೆ ಕಾಣುವ ವಿಡಿಯೋ ಮಾಡುವುದು. ಆರ್ಕಿಟೆಕ್ಟುಗಳು ನಕ್ಷೆ ಕಳಿಸುತ್ತಿದ್ದರು. ಅವಳು ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು ಅದಕ್ಕೆ ಗೋಡೆ, ಗಾಜು, ಬಿಸಿಲು, ನೆರಳು ಕೂಡಿಸುತ್ತಿದ್ದಳು. ಅದಕ್ಕೆ ಗಟ್ಟಿಮುಟ್ಟಾದ ಕಂಪ್ಯೂಟರ್ ಬೇಕು. ಹೋದ ವರ್ಷ ಭಾವ ಯಾರೂ ಕರೆಯದೆ ಬಂದು ಅದರ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದ್ದ. ಎಂದರೆ, ಮಾಡಿದ ಕಂಪನಿಯವರು ಇಷ್ಟು ಸಾಕು ಎಂದು ಬಿಟ್ಟಿದ್ದ ವೇಗವನ್ನು ಸಾಲದು ಎಂದು ಏರಿಸಿದ್ದ. ಕೆಲಸ ಸ್ವಲ್ಪ ಬೇಗ ಮುಗಿಯತೊಡಗಿದ್ದು ನಿಜ. ಆ ಸ್ವಲ್ಪವನ್ನು ಅವನು ಕಂಡಕಂಡವರ ಮುಂದೆ ಕೊಚ್ಚಿಕೊಂಡು ತಿರುಗಿದ್ದೂ ನಿಜ.

ಈ ಸಲ ಒಂದು ಮಕ್ಕಳ ಆಸ್ಪತ್ರೆಯ ಕೆಲಸ ಬಂತು. ಸುತ್ತ ದೊಡ್ಡ ತೋಟ, ಸಾವಿರಾರು ಗಿಡ. ಒಂದೊಂದು ಎಲೆಯೂ ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಕೇಳುತ್ತಿತ್ತು. ತೋಟ ಅರ್ಧ ಬೆಳೆಯುವಷ್ಟರಲ್ಲಿ ಮೆಮೊರಿ ತುಂಬಿ ಪರದೆ ಮರಗಟ್ಟಿ ನಿಲ್ಲುತ್ತಿತ್ತು. ಅವಳು ಕೂತು ಓದಿದಳು. ತನಗೆ ಬೇಕಿರುವುದು ಜಾಗ, ವೇಗವಲ್ಲ ಎಂದು ತಿಳಿದುಕೊಂಡಳು. ಹಳೆಯ ಎರಡು ಮೆಮೊರಿ ಸ್ಟಿಕ್ಕುಗಳನ್ನು ತೆಗೆದುಬಿಟ್ಟು, ಒಂದೇ ಡಬ್ಬಿಯಲ್ಲಿ ಜೊತೆಯಾಗಿ ಬರುವ ಎರಡು ದೊಡ್ಡ ಸ್ಟಿಕ್ಕು ಹಾಕುವುದು, ಅದೂ ಅವು ಕೂರುವ ಮದರ್‌ಬೋರ್ಡ್ ತಯಾರಿಸಿದವರೇ ಪರೀಕ್ಷಿಸಿ ಒಪ್ಪಿದ್ದನ್ನು ಎಂದು ತೀರ್ಮಾನಿಸಿದಳು. ಇಷ್ಟನ್ನು ಮಾಡಿ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಫೋನಿನಲ್ಲಿ ಅಕ್ಕನಿಗೆ ಹೇಳಿದಳು. ಅಕ್ಕ ಗಂಡನಿಗೆ ಹೇಳಿದಳು. ಭಾನುವಾರ ಬೆಳಿಗ್ಗೆ ಭಾವ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

ಡಬ್ಬಿಯ ಮೇಲೆ ಬೆಂಕಿಯುಗುಳುವ ಪ್ರಾಣಿಯ ಚಿತ್ರವಿತ್ತು. ಒಳಗಿದ್ದವು ಬಣ್ಣಬಣ್ಣದ ದೀಪ ಹೊತ್ತ ಎರಡು ಸ್ಟಿಕ್ಕು. ಜಾಗ ಕಡಿಮೆ, ವೇಗ ವಿಪರೀತ. ಹಳೆಯವೂ ಇರಲಿ, ಇವೂ ಇರಲಿ, ನಾಲ್ಕೂ ಸೇರಿದರೆ ಜಾಗ ತಾನಾಗಿ ಆಗುತ್ತದೆ ಎಂದ. ಹಳೆಯವು ಇಷ್ಟು ವೇಗಕ್ಕೆ ಓಡುವುದಿಲ್ಲವಲ್ಲ ಎಂದು ಅವಳು ಕೇಳಿದಳು.

“ಓಡಿಸ್ತೀನಿ ಪುಟ್ಟಿ,” ಎಂದ ಭಾವ. “ನೀನು ಗಿಡ ನೆಡು. ಇದು ನಿನಗೆ ಅರ್ಥ ಆಗೋ ವಿಷಯ ಅಲ್ಲ.”

ಅವಳು ಟಾರ್ಚ್ ತಂದು ಹಿಡಿದಳು. ಅಮ್ಮ ಆಗಲೇ ಅಳಿಯನಿಗೆ ಇಷ್ಟವಾದ ಅಡುಗೆಗೆ ಇಳಿದಿದ್ದಳು.

ಹೊಸ ಸ್ಟಿಕ್ಕುಗಳು ಎತ್ತರದವು. ಪ್ರೊಸೆಸರಿನ ಫ್ಯಾನ್ ಅಡ್ಡ ಬಂತು. ಭಾವ ಫ್ಯಾನನ್ನೇ ಮೇಲೆ ಸರಿಸಿದ. ಫ್ಯಾನ್ ಮೇಲೆ ಹೋದದ್ದರಿಂದ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಲಿಲ್ಲ. ಗಾಳಿಯಾಡಲು ಹೀಗೇ ಒಳ್ಳೆಯದು ಎಂದು ಬಾಗಿಲನ್ನು ಗೋಡೆಗೆ ಒರಗಿಸಿದ. ಆಮೇಲೆ ನೀಲಿ ಪರದೆಯ ಮುಂದೆ ಕೂತು ವೇಗದ ಅಂಕಿಗಳನ್ನು ಏರಿಸುತ್ತ ಹೋದ. ಏರಿಸಿದಾಗ ಕಂಪ್ಯೂಟರ್ ಸತ್ತು ಬಿದ್ದರೆ ವೋಲ್ಟೇಜನ್ನೂ ಏರಿಸಿದ. ಕೊನೆಗೊಮ್ಮೆ ಅದು ಎದ್ದು ಕೂತದ್ದೇ ತಡ, ಫೋಟೋ ತೆಗೆದು ತನ್ನ ಗುಂಪಿಗೆ ಕಳಿಸಿದ. ಆ ಗುಂಪಿನಲ್ಲಿ ಇವನಂಥವರೇ ಒಂದಷ್ಟು ಜನ ಗಂಡಸರಿದ್ದರು. ಅವರು ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ಒಂದೇ ಕೆಲಸವೆಂದರೆ ಅದು ಎಷ್ಟು ಬೇಗ ಕೆಲಸ ಮಾಡಬಲ್ಲದು ಎಂದು ಅಳೆಯುವುದು. ಯಾವ ಕೆಲಸ ಎಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ಹೊಟ್ಟೆತುಂಬ ಉಂಡು, ಸೋಫಾದ ಮೇಲೆ ಒಂದು ನಿದ್ದೆ ತೆಗೆದು, ಸಂಜೆಗೆ ಭಾವ ಹೊರಟ.

ಮೊದಲ ವಾರ ಕಂಪ್ಯೂಟರ್ ಆಗಾಗ ಸುಮ್ಮನೆ ಆರಿಹೋಗುತ್ತಿತ್ತು. ಅದನ್ನು ಅವಳು ಹಲ್ಲು ಕಚ್ಚಿ ಸಹಿಸಿದಳು. ಸಹಿಸಲಾಗದ್ದು ಆಮೇಲೆ ಬಂತು. ಮುಗಿದ ವಿಡಿಯೋವನ್ನು ಆತುರದಲ್ಲಿ ಪೂರ್ತಿ ನೋಡದೆಯೇ ಆರ್ಕಿಟೆಕ್ಟಿಗೆ ಕಳಿಸಿಬಿಟ್ಟಿದ್ದಳು. ಆತ ಅದನ್ನು ಆಸ್ಪತ್ರೆಯವರೆದುರು ದೊಡ್ಡ ಪರದೆಯ ಮೇಲೆ ಹಾಕಿದ. ಎರಡನೆಯ ಮಹಡಿಗೆ ಹತ್ತುವಾಗ ಮೆಟ್ಟಿಲುಗಳೇ ಮಾಯವಾಗಿದ್ದವು. ಒಂದು ಮರ ಬೇರುಸಹಿತ ವಾರ್ಡಿನ ಛಾವಣಿಗೆ ತೂಗುಬಿದ್ದಿತ್ತು. ಆರ್ಕಿಟೆಕ್ಟ್ ಫೋನಿನಲ್ಲಿ ಬೈಯಲಿಲ್ಲ. “ಮೇಡಂ, ಮಕ್ಕಳು ಹಾರ್ಕೊಂಡು ಮೇಲೆ ಹೋಗ್ಬೇಕಾ?” ಎಂದಷ್ಟೇ ಕೇಳಿದ. ಬೈದಿದ್ದರೆ ವಾಸಿಯಿತ್ತು. ಸರಿಪಡಿಸಿ ಕಳಿಸಲು ಒಂದು ವಾರ ಕೊಟ್ಟ.

ಭಾವನಿಗೆ ಹೇಳಿದಾಗ ಅವನು ಮೊದಲು ತಪ್ಪನ್ನು ಕರೆಂಟಿನ ಮೇಲೆ ಹಾಕಿದ. ಆಮೇಲೆ ಧೂಳು ಎಂದ. ಬಾಗಿಲು ತೆಗೆದಿಟ್ಟವರು ಯಾರು ಎಂದು ಅವಳು ಕೇಳಲಿಲ್ಲ. ಕೊನೆಗೆ, ಇಷ್ಟೊಂದು ಗಿಡ ಯಾಕೆ ನೆಡುತ್ತೀಯ ಎಂದು ಅವಳನ್ನೇ ತಿರುಗಿ ಕೇಳಿದ. ಅವಳು ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಓಡಿಸಿದಳು. ಕಾಫಿ ಲೋಟ ಖಾಲಿಯಾಗುವ ಮೊದಲೇ ಪರದೆಯ ತುಂಬ ಕೆಂಪು ಸಾಲುಗಳು ಸುರಿದವು. ಒಂದೊಂದು ಸಾಲೂ ಒಂದು ತಪ್ಪು. ಫೋಟೋ ತೆಗೆದು ಕಳಿಸಿದಳು. ಆ ಟೆಸ್ಟೇ ಸರಿಯಿಲ್ಲ ಎಂದು ಉತ್ತರ ಬಂತು.

ಅದನ್ನು ಓದಿ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ತನ್ನ ಮೇಲೆ ಅಸಹ್ಯವೂ ಬಂತು. ಗೊತ್ತಿಲ್ಲದವನು ಗೊತ್ತಿಲ್ಲದ್ದನ್ನು ಮಾಡಿದ. ಗೊತ್ತಿದ್ದ ತಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಿದ್ದಳು. ಅವತ್ತೇ ನಾಲ್ಕೂ ಸ್ಟಿಕ್ಕು ಕಿತ್ತಳು. ಮೊದಲು ಆರಿಸಿದ್ದನ್ನೇ ತರಿಸಿ ಹಾಕಿದಳು. ಪ್ರೊಸೆಸರನ್ನೂ ಅದರ ಹುಟ್ಟು ವೇಗಕ್ಕೆ ಇಳಿಸಿದಳು, ಫ್ಯಾನನ್ನು ಕೆಳಗೆ ಕೂರಿಸಿ ಬಾಗಿಲು ಮುಚ್ಚಿದಳು. ಹಗಲಿಡೀ ಪರೀಕ್ಷೆ ಓಡಿತು. ಒಂದು ಕೆಂಪು ಗೆರೆಯೂ ಬೀಳಲಿಲ್ಲ. ವಿಡಿಯೋ ನಿಧಾನವಾಗಿಯೇ ತಯಾರಾಯಿತು. ಮೆಟ್ಟಿಲು ಮೆಟ್ಟಿಲಿನ ಜಾಗದಲ್ಲಿತ್ತು. ಆಸ್ಪತ್ರೆಯವರು ಒಪ್ಪಿದರು.

ಇದಾದ ಮೇಲೆ ಅಮ್ಮನ ಹುಟ್ಟುಹಬ್ಬದ ಊಟಕ್ಕೆ ಎಲ್ಲರೂ ಸೇರಿದರು. ಚಿಕ್ಕಪ್ಪನ ಅಳಿಯ ಹೊಸ ಕಂಪ್ಯೂಟರ್ ಕೊಳ್ಳುವವನಿದ್ದ. ಯಾವ ಮೆಮೊರಿ ಹಾಕಿಸಲಿ ಎಂದು ಭಾವನನ್ನು ಕೇಳಿದ. ಭಾವ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಕಾಲ ಮೇಲೆ ಕಾಲು ಹಾಕಿ ಶುರುಮಾಡಿದ. ವೇಗ ಮುಖ್ಯ ಎಂದ. ಪುಟ್ಟಿಗೆ ತಾನೇ ಆರಿಸಿ ಹಾಕಿಕೊಟ್ಟಿದ್ದೇನೆ, ಈಗ ಕುಣಿದಾಡುತ್ತಿದೆ, ಬೇಕಾದರೆ ಕೇಳು ಎಂದ.

ಚಿಕ್ಕಪ್ಪನ ಅಳಿಯ ಅವಳ ಕಡೆ ತಿರುಗಿದ. ಅಕ್ಕ ಮೇಜಿನ ಆ ಕಡೆಯಿಂದ ಬೇಡ ಎಂದು ಕಣ್ಣಲ್ಲೇ ತಡೆದಳು. ಪುಟ್ಟಿ ಕಂಡೂ ಕಾಣದಂತೆ ಬಾಯಿ ತೆರೆದಳು.

“ಭಾವ ಹಾಕಿದ್ದನ್ನ ಕಿತ್ತು ಹಾಕಿದೀನಿ,” ಎಂದಳು. “ಅದರಿಂದ ನನ್ನ ಕೆಲಸ ಹಾಳಾಯ್ತು, ಮಾನ ಹೋಯ್ತು. ಇವರಿಗೆ ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದು ನನಗೆ ಮೊದಲೇ ಗೊತ್ತಿತ್ತು.”

ಚಿಕ್ಕಪ್ಪ ನೀರಿನ ಲೋಟವನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದ. ಭಾವ ಜೋರಾಗಿ ನಕ್ಕು, ಕೆಲವರಿಗೆ ವೇಗ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ ಎಂದ. ಆದರೆ ಆ ನಗುವಿಗೆ ಜೊತೆ ಸಿಗಲಿಲ್ಲ. ಅವನು ಬೇಗನೆ ಎದ್ದ. ಅಕ್ಕ ಗಂಡನ ಹಿಂದೆ ಮುಖ ಕೆಳಗೆ ಹಾಕಿ ನಡೆದಳು. ಅದನ್ನು ನೋಡಿ ಅವಳಿಗೆ ಭಾವನಿಗಿಂತ ಅಕ್ಕನ ಮೇಲೆಯೇ ಹೆಚ್ಚು ತಾತ್ಸಾರ ಹುಟ್ಟಿತು. ಇಷ್ಟು ವರ್ಷ ಇವನ ಮಾತಿಗೆಲ್ಲ ತಲೆಯಾಡಿಸಿದವಳು ಇವಳೇ ಅಲ್ಲವೇ ಎನ್ನಿಸಿತು.

ಅಕ್ಕ ಬಹಳ ದಿನ ಫೋನ್ ಮಾಡಲಿಲ್ಲ. ಇವಳೂ ಮಾಡಲಿಲ್ಲ. ಅಮ್ಮ ನಡುವೆ ನಿಂತು ಸಂಧಾನಕ್ಕೆ ನೋಡಿ ಸೋತಳು.

ಒಂದು ಮಧ್ಯಾಹ್ನ, ಭಾವ ಕಚೇರಿಯಲ್ಲಿರುವ ಹೊತ್ತು ನೋಡಿ ಅಕ್ಕ ಒಬ್ಬಳೇ ಬಂದಳು. ಜಗಳಕ್ಕೆ ಬಂದಳೆಂದು ಇವಳು ಸೆರಗು ಸಿಕ್ಕಿಸಿ ನಿಂತಳು. ಅಕ್ಕ ಚಪ್ಪಲಿ ಬಿಟ್ಟು ನೇರ ಹಿಂಬದಿಯ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಅವಳದೊಂದು ಹೊಲಿಗೆ ಅಂಗಡಿಯಿತ್ತು. ಕಸೂತಿ ಯಂತ್ರಕ್ಕೆ ವಿನ್ಯಾಸ ಬರೆಯುವ ಕಂಪ್ಯೂಟರ್ ಅಲ್ಲಿತ್ತು.

“ಅಂಗಡಿ ಕಂಪ್ಯೂಟರಲ್ಲೂ ಹಂಗೇ ಆಗ್ತಿದೆ,” ಎಂದಳು. “ಹೂವಿನ ಅರ್ಧ ದಳಾನೇ ಇರಲ್ಲ. ಅವರೇ ಏನೋ ಏರಿಸಿಟ್ಟಿದಾರೆ. ನೀನು ಬಂದು ಇಳಿಸಿಕೊಡು, ಯಾವ ಮೆಮೊರಿ ತರಿಸ್ಬೇಕು ಹೇಳು. ಅವರಿಗೆ ಗೊತ್ತಾಗೋದು ಬೇಡ.”

ಯಾಕೆ ಗೊತ್ತಾಗಬಾರದು, ಮುಖಕ್ಕೆ ಹೊಡೆದಂತೆ ಹೇಳು ಎಂದು ಇವಳು ರೇಗಿದಳು.

“ನೀನು ಒಂದು ದಿನ ಹೇಳಿದೆ, ನಿನ್ನ ಪಾಡಿಗೆ ನೀನಿದ್ದೆ,” ಎಂದಳು ಅಕ್ಕ. “ಆವತ್ತು ರಾತ್ರಿ ಅವರ ಬಾಯಿಂದ ಕೇಳಿಸ್ಕೊಂಡಿದ್ದು ನಾನು. ಅವರು ದಡ್ಡರು ಅಂತ ನಿನಗಿಂತ ಮುಂಚೆ ನನಗೆ ಗೊತ್ತು ಕಣೆ.”

ಪುಟ್ಟಿ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಅಂಗಡಿ ಕೀಲಿ ತಂದಿದ್ದೀಯಾ ಎಂದು ಅಕ್ಕನನ್ನು ಕೇಳಿದಳು.