ಕಲಸದ ಕಟ್ಟು

ಇಪ್ಪತ್ತು ತಿಂಗಳ ಸೋಲ್‌ಗೆ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ, ಆದರೆ ಓದಲು ಬರುತ್ತಿತ್ತು. ಹಾಗೆಂದು ಮನೆಗೇ ಬಂದು ಕಲಿಸುವ ನೋ ಟೀಚರ್ ಹೇಳುತ್ತಿದ್ದರು, ಮಗುವಿನ ತಾಯಿ ಹ್ಯೆರಿಮ್ ನಂಬುತ್ತಿದ್ದಳು. ಇಂಚಾನ್‌ನ ಆ ಅಪಾರ್ಟ್‌ಮೆಂಟಿನಲ್ಲಿ ನಂಬದೆ ಉಳಿದವಳು ಅವಳ ಅತ್ತೆ ಮಲ್ಸುನ್ ಒಬ್ಬಳೇ.

ಇವತ್ತು ಪರೀಕ್ಷೆ. ಪಾಸಾದರೆ ಸೋಲ್ ನಾಳೆಯಿಂದ 'ಪುಟ್ಟ ಪಂಡಿತರ ತರಗತಿ'ಗೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ. ಇಷ್ಟು ದಿನ ಹಗಲೆಲ್ಲ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದವಳು ಮಲ್ಸುನ್. ಬೆನ್ನು ಬರಿದಾದ ಮೇಲೆ ಈ ಮನೆಯಲ್ಲಿ ತನಗೇನು ಕೆಲಸ?

ಟೀಚರ್ ಪದದ ಕಾರ್ಡು ಎತ್ತಿ ತೋರಿಸುವುದನ್ನು ಅವಳು ಮೂರು ತಿಂಗಳಿಂದ ನೋಡಿದ್ದಳು. ಚಂದ್ರ, ಕರಡಿ, ಚಪ್ಪಲಿ, ಮೂಲಂಗಿ. ಒಂದು ದಿನವೂ ಕ್ರಮ ತಪ್ಪಿದ್ದಿಲ್ಲ. ಮಗು ಗಿಣಿಪಾಠ ಒಪ್ಪಿಸುತ್ತಿತ್ತು. ಅಜ್ಜಿಯದಾದರೋ ಐವತ್ತು ವರ್ಷ ಹ್ವಾತು ಇಸ್ಪೀಟು ಆಡಿದ ಕೈ. ಹೂಚಿತ್ರದ ಆ ದಪ್ಪ ಎಲೆಗಳನ್ನು ಕಲಸದೆ ಹಂಚಿದವರನ್ನು ಅವಳ ಊರಲ್ಲಿ ಆಟದಿಂದಲೇ ಎಬ್ಬಿಸುತ್ತಿದ್ದರು. ಇವತ್ತು ಟೀಚರ್ ಕೈತೊಳೆಯಲು ಹೋದಾಗ ಅವಳ ಬೆರಳು ಸುಮ್ಮನಿರಲಿಲ್ಲ. ಪದದ ಕಾರ್ಡುಗಳ ಇಡೀ ಕಟ್ಟನ್ನು ಚಕಚಕನೆ ಕಲಸಿಟ್ಟಳು.

ಪರೀಕ್ಷೆ ಶುರುವಾಯಿತು. ಮೂಲಂಗಿ ಎಂದು ಬರೆದ ಕಾರ್ಡು ಎತ್ತಿದರೆ ಸೋಲ್ "ಚಂದ್ರ" ಎಂದಳು. ಚಪ್ಪಲಿಗೆ "ಕರಡಿ" ಎಂದಳು. ಮಲ್ಸುನ್ ಬಾಯಿಗೆ ಕೈ ಅಡ್ಡ ಹಿಡಿದಳು.

ಟೀಚರ್ ಚಪ್ಪಾಳೆ ತಟ್ಟಿದರು. "ನೋಡಿದ್ರಾ, ಸೋಲ್ ಅಮ್ಮ? ಮಿದುಳು ಕಣ್ಣಿಗಿಂತ ಮುಂದೆ ಓಡ್ತಿದೆ! ಇನ್ನೂ ತೋರಿಸದೇ ಇರೋದನ್ನೂ ಓದ್ತಿದ್ದಾಳೆ."

"ತಪ್ಪು ಹೇಳಿದ್ರೆ ಜಾಣೆ ಅಂತಾನಾ?" ಮಲ್ಸುನ್ ಕೇಳಿದಳು.

"ಜಾಣೆ ಅಂತಲೇ, ಅಜ್ಜಿ."

"ಸುಮ್ನೆ ಕೂತ್ರೆ?"

"ಮನಸ್ಸಲ್ಲೇ ಓದ್ಕೋತಿದ್ದಾಳೆ ಅಂತ."

"ನಿದ್ದೆ ಹೋದ್ರೆ?"

"ಓದಿದ್ದನ್ನ ಅರಗಿಸ್ಕೋತಿದ್ದಾಳೆ ಅಂತ."

"ಹಂಗಾದ್ರೆ ನಮ್ಮನೆಯವ್ರು ಮಹಾಪಂಡಿತರು ಬಿಡಿ. ಮೂವತ್ತು ವರ್ಷ ಪೇಪರ್ ಮುಖದ ಮೇಲೆ ಹಾಕ್ಕೊಂಡೇ ಗೊರಕೆ ಹೊಡೆದ್ರು."

"ಅತ್ತೆ, ಸ್ವಲ್ಪ ಸುಮ್ನಿರಿ," ಎಂದ ಹ್ಯೆರಿಮ್ ತರಗತಿಯ ಅರ್ಜಿಗೆ ಸಹಿ ಹಾಕಲು ಪೆನ್ನು ತೆಗೆದಳು.

ಮಲ್ಸುನ್‌ಗೆ ಅಳು ಉಕ್ಕಿ ಬಂತು. ತಾನೇ ಕಲಸಿದ ಎಲೆ ತನಗೇ ತಿರುಗಿಬಿದ್ದಿತ್ತು. ಅಷ್ಟರಲ್ಲಿ ಸೋಲ್ ತಟಪಟ ಹೆಜ್ಜೆಯಿಟ್ಟು ಬಂದು ಅಜ್ಜಿಯ ದಿಂಬಿನಡಿ ಕೈ ಹಾಕಿದಳು. ಸೊಸೆಗೆ ಕಾಣದಂತೆ ಮಲ್ಸುನ್ ಹ್ವಾತು ಎಲೆಗಳನ್ನು ಬಚ್ಚಿಟ್ಟಿದ್ದದ್ದು ಅಲ್ಲೇ. ಮಗುವಿಗೆ ಅವನ್ನು ಮುಟ್ಟಿಸಕೂಡದೆಂದು ಹ್ಯೆರಿಮ್ ಕಟ್ಟಪ್ಪಣೆ ಮಾಡಿದ್ದಳು. ಮಗು ಹುಡುಕಿ ಒಂದೆಲೆ ಎಳೆಯಿತು. ಕಪ್ಪು ಗುಡ್ಡದ ಮೇಲೆ ದುಂಡನೆಯ ಹುಣ್ಣಿಮೆ ಚಂದಿರ. ಅದರ ಮೇಲೆ ಬೆರಳಿಟ್ಟು, ಆಟದಲ್ಲಿ ಅಜ್ಜಿ ಬಡಿಯುವ ಹಾಗೆಯೇ ಎಲೆಯನ್ನು ಚಟ್ಟನೆ ನೆಲಕ್ಕೆ ಬಡಿದು ಕೂಗಿತು: "ಚಂದ್ರ!"

"ಕೇಳಿದ್ರಾ!" ಟೀಚರ್ ಎದ್ದೇ ನಿಂತರು. "ಮೂರು ತಿಂಗಳ ನಮ್ಮ ಪಾಠದ ಫಲ!"

ಹ್ಯೆರಿಮ್ ನೆಲದ ಮೇಲಿನ ಎಲೆ ನೋಡಿದಳು. ತಲೆ ತಗ್ಗಿಸಿ ಕೂತ ಅತ್ತೆಯನ್ನು ನೋಡಿದಳು. ಆಮೇಲೆ ಸಹಿ ಮಾಡದೆಯೇ ಪೆನ್ನಿನ ಮುಚ್ಚಳ ಹಾಕಿದಳು.

"ಟೀಚರ್, ಅದು ನಿಮ್ಮ ಕಾರ್ಡಲ್ಲ. ನಮ್ಮತ್ತೆಯ ಜೂಜಿನೆಲೆ."

ಸೋಲ್ ಆಗಲೇ ಅಜ್ಜಿಯ ಬೆನ್ನೇರುತ್ತಿದ್ದಳು.